ಆಟದ ಪೀರಿಯಡ್‌ನಲ್ಲಿ ಚೀಲ ಕಾಯುವವರು

ಹೈಸ್ಕೂಲಿನಲ್ಲಿ ಆಟದ ಪೀರಿಯಡ್ ಬೆಲ್ ಹೊಡೆದರೆ ನಾವೆಲ್ಲ ಮೈದಾನಕ್ಕೆ ಓಡುತ್ತಿದ್ದೆವು. ಚೀಲ, ಚಪ್ಪಲಿ, ಟಿಫನ್ ಬಾಕ್ಸ್, ಯಾರದೋ ವಾಚು ಎಲ್ಲವೂ ಬೇವಿನ ಮರದ ಬುಡದಲ್ಲಿ ರಾಶಿ ಬೀಳುತ್ತಿದ್ದವು. ಆ ರಾಶಿಯ ಪಕ್ಕದಲ್ಲಿ ನನ್ನ ಗೆಳೆಯನೊಬ್ಬ ಕೂರುತ್ತಿದ್ದ. ಹುಟ್ಟಿನಿಂದಲೇ ಅವನ ಎಡಗಾಲಿಗೆ ಬಲವಿಲ್ಲ. ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತಾನೆ. ‘ನೀನು ಇಲ್ಲೇ ಕೂತಿರಪ್ಪ, ಬಿದ್ದುಗಿದ್ದೀಯ’ ಎಂದು ಮೇಷ್ಟ್ರು ಪ್ರೀತಿಯಿಂದಲೇ ಹೇಳಿದ್ದರು. ಎಂಟು ಮತ್ತು ಒಂಬತ್ತನೇ ತರಗತಿ ಪೂರ್ತಿ ಅದೇ ಅವನ ದೈಹಿಕ ಶಿಕ್ಷಣ.

ಹತ್ತನೇ ತರಗತಿಗೆ ಬರುವಾಗ ಕೊರೊನಾ ನಮ್ಮೆಲ್ಲರನ್ನೂ ಮನೆಯಲ್ಲಿ ಕೂರಿಸಿತು. ಆಟವಿಲ್ಲದೆ, ಜೊತೆಗಾರರಿಲ್ಲದೆ ನಾವು ತಿಂಗಳುಗಟ್ಟಲೆ ಚಡಪಡಿಸಿದೆವು. ಮೈದಾನ ಕಣ್ಣೆದುರಿಗಿದ್ದೂ ಆಡಲಾಗದ ಆ ಸಂಕಟ ಅವನಿಗೆ ಮಾತ್ರ ಹೊಸದಾಗಿರಲಿಲ್ಲ. ಇದು ಆಗ ನನಗೆ ಹೊಳೆಯಲಿಲ್ಲ. ಎಷ್ಟೋ ಸಲ ನಾನೇ ಟೀಮ್ ಆರಿಸಿದ್ದೇನೆ. ಒಂದು ದಿನವೂ ಅವನ ಹೆಸರು ಕರೆಯಲಿಲ್ಲ. ಕರೆಯಬಾರದು ಎಂಬ ಹಟವೇನೂ ಇರಲಿಲ್ಲ, ಕರೆಯಬಹುದು ಎಂಬುದೇ ತಲೆಗೆ ಬಂದಿರಲಿಲ್ಲ.

ಈಗ ನಾನು ಬಿಇ ಓದುತ್ತಿದ್ದೇನೆ. ಅವನೂ ಬೇರೊಂದು ಕಾಲೇಜಿನಲ್ಲಿ ಬಿಇ ಓದುತ್ತಿದ್ದಾನೆ. ಕೆಲವು ತಿಂಗಳ ಹಿಂದೆ ತುಮಕೂರಿನಿಂದ ಊರ್ಡಿಗೆರೆಗೆ ಬರುವ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿದ್ದೆವು. ಹಳೆಯದೆಲ್ಲ ಮಾತಾಡುತ್ತಾ ಅವನು ನಗುತ್ತಲೇ ಹೇಳಿದ: ‘ಎರಡು ವರ್ಷ ನಿಮ್ಮ ಚೀಲ ಕಾಯ್ದೆ ಕಣ್ಲಾ, ಒಂದು ಪೆನ್ನೂ ಕಳೆದಿಲ್ಲ. ಅದಕ್ಕಾದ್ರೂ ಒಂದು ಸರ್ಟಿಫಿಕೇಟ್ ಕೊಡಬಹುದಾಗಿತ್ತು’. ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ದೆ ಬೇಗ ಬರಲಿಲ್ಲ.

ಬರದಿದ್ದರೂ ಹಾಜರಿ!

ವಿಟಿಯು 2022ರ ಸ್ಕೀಮ್‌ನಲ್ಲಿ ಬಿಇ ಓದುವವರಿಗೆ ಇದು ಗೊತ್ತಿರುತ್ತದೆ. ಮೂರನೇ ಸೆಮಿಸ್ಟರ್‌ನಿಂದ ಆರನೇ ಸೆಮಿಸ್ಟರ್‌ವರೆಗೆ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಕ್ರೆಡಿಟ್ ಸೊನ್ನೆ. ಆದರೆ ಪದವಿ ಬೇಕೆಂದರೆ ಮುಗಿಸಲೇಬೇಕು. ನಮ್ಮಲ್ಲಿ ಅನೇಕರು ಇದನ್ನು ಕಾಟಾಚಾರಕ್ಕೆ ಮಾಡುತ್ತೇವೆ, ನಿಜ. ನನ್ನ ಗೆಳೆಯ ಮಾತ್ರ ಕಾತರದಿಂದ ಕಾದಿದ್ದ. ಯೋಗ ಆರಿಸಿಕೊಂಡ. ಹೋಗಿ ನೋಡಿದರೆ ಯೋಗದ ಹಾಲ್ ಇರುವುದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹೇಳಿಕೊಂಡಾಗ ಸಿಕ್ಕ ಉತ್ತರ: ‘ನೀನು ಹತ್ತಿ ಇಳಿದು ಕಷ್ಟ ಪಡಬೇಡ. ಹಾಜರಿ ನಾವು ಹಾಕಿಕೊಳ್ತೀವಿ’.

ಗಮನಿಸಿ, ಇಲ್ಲಿ ಯಾರೂ ಅವನನ್ನು ಬೈದಿಲ್ಲ, ಹೀಯಾಳಿಸಿಲ್ಲ. ಶಾಲೆಯ ಮೇಷ್ಟ್ರೂ ಒಳ್ಳೆಯವರೇ, ಕಾಲೇಜಿನವರೂ ಒಳ್ಳೆಯವರೇ. ತೊಂದರೆ ಇರುವುದೇ ಈ ಒಳ್ಳೆಯತನದಲ್ಲಿ. ಗಣಿತ ಕಷ್ಟವಾದ ಹುಡುಗನಿಗೆ ‘ನೀನು ಗಣಿತದ ಕ್ಲಾಸಿಗೆ ಬರಬೇಡ, ಹಾಜರಿ ಹಾಕ್ತೀವಿ’ ಎಂದು ಯಾರಾದರೂ ಹೇಳುತ್ತಾರೆಯೇ? ಹಾಗೆ ಹೇಳಿದರೆ ಅದು ಅನ್ಯಾಯ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಆಟದ ವಿಷಯದಲ್ಲಿ ಮಾತ್ರ ಅದನ್ನೇ ನಾವು ಕರುಣೆ ಎಂದುಕೊಳ್ಳುತ್ತೇವೆ. ವಿನಾಯಿತಿ ಎಂಬ ಪದ ಕೇಳಲು ಸೊಗಸಾಗಿದೆ. ಆದರೆ ಕೇಳದೆಯೇ ಕೊಟ್ಟ ವಿನಾಯಿತಿ ಗೇಟಿಗೆ ಹಾಕಿದ ಬೀಗವೇ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 21 ಬಗೆಯ ವೈಕಲ್ಯಗಳನ್ನು ಅದು ಗುರುತಿಸುತ್ತದೆ. ಅದರ 16ನೇ ಸೆಕ್ಷನ್ ಶಿಕ್ಷಣ ಸಂಸ್ಥೆಗಳ ಕರ್ತವ್ಯಗಳನ್ನು ಹೇಳುವಾಗ ಪಾಠದ ಜೊತೆಗೆ ಆಟ ಮತ್ತು ಮನರಂಜನೆಯ ಅವಕಾಶವನ್ನೂ ಇತರರಿಗೆ ಸಮನಾಗಿ ಕೊಡಬೇಕು ಎನ್ನುತ್ತದೆ. 30ನೇ ಸೆಕ್ಷನ್ ಪೂರ್ತಿ ಕ್ರೀಡೆಗೇ ಮೀಸಲು. ಮೈದಾನ, ಸಲಕರಣೆ, ತರಬೇತಿ ಎಲ್ಲವೂ ವಿಕಲಚೇತನರಿಗೆ ಒದಗುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಎಂಬುದು ಅದರ ಸಾರ. ಭಾರತ 2007ರಲ್ಲಿ ಒಪ್ಪಿ ಸಹಿ ಹಾಕಿದ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿ ಕೂಡ ಶಾಲೆಯಲ್ಲಿ ನಡೆಯುವ ಆಟೋಟಗಳಲ್ಲಿ ಅಂಗವಿಕಲ ಮಕ್ಕಳು ಸಮಾನವಾಗಿ ಭಾಗವಹಿಸಬೇಕು ಎನ್ನುತ್ತದೆ. ಅಂದರೆ ನನ್ನ ಗೆಳೆಯ ಕೇಳಬೇಕಿರುವುದು ಉಪಕಾರವನ್ನಲ್ಲ, ಹಕ್ಕನ್ನು.

ಪದಕ ತಂದವರ ಫೋಟೊ ಸಾಕೇ?

ನಮ್ಮ ರಾಜ್ಯದಲ್ಲಿ ಮಾದರಿಗಳಿಗೆ ಕೊರತೆಯಿಲ್ಲ. ಪೋಲಿಯೊಗೆ ತುತ್ತಾದ ಬೆಂಗಳೂರಿನ ಮಾಲತಿ ಹೊಳ್ಳ ಅರ್ಜುನ ಪ್ರಶಸ್ತಿ, ಪದ್ಮಶ್ರೀ ಎರಡನ್ನೂ ಪಡೆದವರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದದ್ದು ಒಂದೇ ಒಂದು ಪದಕ. ಅದನ್ನು ತಂದವರು ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ, ಎತ್ತರ ಜಿಗಿತದಲ್ಲಿ ಬೆಳ್ಳಿ. ಹಾಸನದಲ್ಲೇ ಹುಟ್ಟಿ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಎಂಜಿನಿಯರಿಂಗ್ ಓದಿ, ಐಎಎಸ್ ಅಧಿಕಾರಿಯಾದ ಸುಹಾಸ್ ಎಲ್. ಯತಿರಾಜ್ ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದರು. ಶಿವಮೊಗ್ಗದ ಶೇಖರ್ ನಾಯ್ಕ ನಾಯಕತ್ವದಲ್ಲಿ ಅಂಧರ ಕ್ರಿಕೆಟ್ ತಂಡ 2012ರಲ್ಲಿ ಬೆಂಗಳೂರಿನಲ್ಲೇ ಟಿ20 ವಿಶ್ವಕಪ್ ಎತ್ತಿತು. 2025ರ ನವೆಂಬರ್‌ನಲ್ಲಿ ನಡೆದ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ಪನ್ನು ಭಾರತಕ್ಕೆ ತಂದ ನಾಯಕಿ ದೀಪಿಕಾ ಟಿ.ಸಿ. ಕೂಡ ಕರ್ನಾಟಕದ ಆಟಗಾರ್ತಿ. ಲಂಡನ್‌ನ ಆ ಒಂದು ಪದಕ ಪ್ಯಾರಿಸ್ ಹೊತ್ತಿಗೆ 29 ಆಗಿತ್ತು.

ಇವರ ಫೋಟೊಗಳು ನಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಓಡಾಡಿದವು. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಇವರ ಸಾಧನೆಗೆ ಚಪ್ಪಾಳೆ ತಟ್ಟುತ್ತೇವೆ. ಮಧ್ಯಾಹ್ನದ ಆಟದ ಪೀರಿಯಡ್‌ನಲ್ಲಿ ಅದೇ ಬಗೆಯ ಹುಡುಗನನ್ನು ಮರದ ಕೆಳಗೆ ಕೂರಿಸುತ್ತೇವೆ. ಇದು ನಮಗೆ ವಿಚಿತ್ರ ಅನಿಸುವುದೇ ಇಲ್ಲ.

ಇನ್ನೂ ಒಂದು ಮಾತಿದೆ. ಅಂಗವಿಕಲ ವಿದ್ಯಾರ್ಥಿಗಳಿಗೆ ಆಟ ಬೇಕು ಎಂದೊಡನೆ ನಾವು ಪ್ಯಾರಾಲಿಂಪಿಕ್ಸ್ ನೆನೆಯುತ್ತೇವೆ. ಅಲ್ಲಿಗೆ ಹೋಗುವ ಪ್ರತಿಭೆ ಇದ್ದರೆ ಸರಿ, ಇಲ್ಲದಿದ್ದರೆ ಬೇಡ ಎಂಬಂತೆ. ನಾನು ಎಂಟು ವರ್ಷ ಕಬಡ್ಡಿ, ವಾಲಿಬಾಲ್ ಆಡಿದ್ದೇನೆ. ಹೋಬಳಿ ಮಟ್ಟ ದಾಟಿದವನಲ್ಲ. ಪದಕ ಬರುವುದಿಲ್ಲ ಎಂದು ಯಾರೂ ನನ್ನನ್ನು ಮೈದಾನದಿಂದ ಆಚೆ ಕಳಿಸಲಿಲ್ಲ. ಸೋಲುವುದು, ಜಗಳವಾಡಿ ಮತ್ತೆ ಸೇರುವುದು, ಬೇರೆಯವರ ಮೇಲೆ ಭರವಸೆಯಿಟ್ಟು ಪಾಸ್ ಕೊಡುವುದು, ಇವೆಲ್ಲ ನನಗೆ ದಕ್ಕಿದ್ದು ಅಲ್ಲೇ. ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುವಾಗ ‘ತಂಡದಲ್ಲಿ ಕೆಲಸ ಮಾಡಿದ ಅನುಭವ ಹೇಳಿ’ ಎಂಬ ಪ್ರಶ್ನೆಗೆ ನಾನು ವಾಲಿಬಾಲ್ ತಂಡದ ಕತೆ ಸಿದ್ಧ ಮಾಡಿಕೊಂಡಿದ್ದೇನೆ. ನನ್ನ ಗೆಳೆಯ ಏನು ಹೇಳಬೇಕು? ಅವನಿಗೆ ಸರ್ಕಾರಿ ನೌಕರಿಯಲ್ಲಿ ಶೇ 4ರ ಮೀಸಲಾತಿ ಇದೆ, ಸರಿ. ಆದರೆ ಗುಂಪಿನಲ್ಲಿ ಒಬ್ಬನಾಗಿ ಬೆಳೆಯುವ ಅವಕಾಶಕ್ಕೆ ಮೀಸಲಾತಿ ಎಲ್ಲಿದೆ? ಅದು ಸಿಗಬೇಕಾದದ್ದು ಶಾಲೆಯ ಮೈದಾನದಲ್ಲೇ.

ಬದಲಾಗಬೇಕಾದದ್ದು ನಿಯಮ

ಅಂಧರ ಕ್ರಿಕೆಟ್ ನೋಡಿದ್ದೀರಾ? ಗಟ್ಟಿ ಪ್ಲಾಸ್ಟಿಕ್ ಚೆಂಡಿನೊಳಗೆ ಬೇರಿಂಗ್ ಗುಂಡುಗಳನ್ನು ಹಾಕಿರುತ್ತಾರೆ. ಚೆಂಡು ಉರುಳಿದರೆ ಗಲಗಲ ಸದ್ದು. ಬೌಲರ್ ಕೈಯನ್ನು ಕೆಳಗಿನಿಂದ ಬೀಸಿ ಎಸೆಯಬೇಕು. ಎಸೆಯುವ ಮುನ್ನ ‘ರೆಡಿ?’ ಎಂದು ಕೇಳಬೇಕು, ಬ್ಯಾಟರ್ ಹೂಂ ಎಂದ ಮೇಲೆ ‘ಪ್ಲೇ’ ಎನ್ನಬೇಕು. ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ವರು ಪೂರ್ತಿ ದೃಷ್ಟಿ ಇಲ್ಲದವರಾಗಿರಬೇಕು, ಅವರು ಹೊಡೆದ ರನ್‌ಗೆ ಎರಡರಷ್ಟು ಲೆಕ್ಕ. ಇಷ್ಟು ಬದಲಾವಣೆ ಮಾಡಿದ್ದಕ್ಕೆ ಅದು ಕ್ರಿಕೆಟ್ ಅಲ್ಲ ಎಂದು ಯಾರೂ ಹೇಳುವುದಿಲ್ಲ. ಆಟದ ನಿಯಮಗಳು ಆಕಾಶದಿಂದ ಇಳಿದವಲ್ಲ. ಗಲ್ಲಿ ಕ್ರಿಕೆಟ್‌ನಲ್ಲಿ ಒನ್ ಪಿಚ್ ಒನ್ ಹ್ಯಾಂಡ್ ಔಟ್ ಎಂದು ನಾವೇ ನಿಯಮ ಮಾಡಿಕೊಂಡಿರಲಿಲ್ಲವೇ? ಗೌಡರ ತೋಟಕ್ಕೆ ಬಿದ್ದರೆ ಔಟ್ ಎಂದಿರಲಿಲ್ಲವೇ? ಜಾಗ ಸಾಲದಿದ್ದರೆ, ಚೆಂಡು ಕಳೆದೀತೆಂದರೆ ನಿಯಮ ಬದಲಿಸುವ ನಾವು ಒಬ್ಬ ಗೆಳೆಯನಿಗಾಗಿ ಯಾಕೆ ಬದಲಿಸಬಾರದು?

ಕಿವಿ ಕೇಳದವರ ಓಟಕ್ಕೆ ಸೀಟಿಯ ಜೊತೆ ಒಂದು ಬಾವುಟ ಬೀಸಿದರೆ ಸಾಕು. ದೃಷ್ಟಿ ಮಂದವಿರುವವರಿಗೆ ಗಾಢ ಬಣ್ಣದ ಚೆಂಡು, ಅಂಕಣಕ್ಕೆ ದಪ್ಪ ಸುಣ್ಣದ ಗೆರೆ. ಕಣ್ಣು ಕಾಣದವರ ಓಟಕ್ಕೆ ಜೊತೆಗೊಬ್ಬ ಓಟಗಾರ, ಇಬ್ಬರ ಕೈಗೂ ಒಂದು ಚಿಕ್ಕ ದಾರ. ಚಿಕ್ಕಮಗಳೂರಿನ ರಕ್ಷಿತಾ ರಾಜು ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಚಿನ್ನ ಗೆದ್ದಿದ್ದು ಹೀಗೆ ಜೊತೆಗಾರನೊಂದಿಗೆ ಓಡಿಯೇ. ನಿಂತು ಗುಂಡು ಎಸೆಯಲಾಗದವರು ಕೂತು ಎಸೆಯುವ ಸ್ಪರ್ಧೆಗಳು ಪ್ಯಾರಾ ಅಥ್ಲೆಟಿಕ್ಸ್‌ನಲ್ಲಿವೆ. ಹುಣಸೆ ಮರಕ್ಕೆ ಕಲ್ಲು ಬೀಸಿ ಒಂದೇ ಏಟಿಗೆ ಕಾಯಿ ಉದುರಿಸುವುದರಲ್ಲಿ ನನ್ನ ಗೆಳೆಯನನ್ನು ಮೀರಿಸುವವರು ನಮ್ಮ ಬ್ಯಾಚಿನಲ್ಲಿ ಇರಲಿಲ್ಲ. ಅವನ ಕೈಗೆ ಒಂದು ಗುಂಡು ಕೊಡಬೇಕು ಎಂದು ಯಾರಿಗೂ ಅನಿಸಲಿಲ್ಲ.

ಬಸ್ಸಿನ ಆ ಮಾತುಕತೆಯ ನಂತರ ನಾನು ಹುಡುಕಾಡಿದಾಗ ಸಿಕ್ಕಿದ್ದು ಕೂತು ಆಡುವ ವಾಲಿಬಾಲ್. ಅಂಕಣ 10 ಮೀಟರ್ ಉದ್ದ, 6 ಮೀಟರ್ ಅಗಲ. ನೆಟ್‌ನ ಎತ್ತರ ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05 ಮೀಟರ್. ಚೆಂಡು ಮುಟ್ಟುವಾಗ ಕುಂಡೆ ನೆಲ ಬಿಡಬಾರದು. ಉಳಿದದ್ದೆಲ್ಲ ಹೆಚ್ಚುಕಡಿಮೆ ನಮಗೆ ಗೊತ್ತಿರುವ ವಾಲಿಬಾಲೇ.

ಒಂದು ಭಾನುವಾರ ಊರಿನ ಹುಡುಗರನ್ನು ಸೇರಿಸಿದೆ. ನೆಲದಲ್ಲಿ ಕಲ್ಲು ಇತ್ತು, ಅದಕ್ಕೆ ಗುಡಿಸಿ ಅಡಿಕೆ ಒಣಗಿಸುವ ಎರಡು ಟಾರ್ಪಾಲ್ ಹಾಸಿದೆವು. ಹಳೆಯ ನೆಟ್ಟನ್ನೇ ಎರಡು ಗೂಟಕ್ಕೆ ಕೆಳಗೆ ಕಟ್ಟಿದೆವು. ಖರ್ಚು ಒಂದು ರೂಪಾಯಿಯೂ ಆಗಲಿಲ್ಲ. ಗೆಳೆಯ ಮೊದಲು ಒಪ್ಪಲಿಲ್ಲ. ‘ನನಗೋಸ್ಕರ ನಾಟಕ ಮಾಡಬೇಡಿ’ ಎಂದ. ‘ಆಡಿ ನೋಡು, ಬೇಡ ಅನಿಸಿದರೆ ಎದ್ದು ಹೋಗು’ ಎಂದೆವು. ಕ್ಯಾಲಿಪರ್ ಬಿಚ್ಚಿ ಪಕ್ಕಕ್ಕಿಟ್ಟು ಕೂತ.

ಕೂತ ಮೇಲೆ ಗೊತ್ತಾಯಿತು, ಕಷ್ಟ ಇದ್ದದ್ದು ನಮಗೆ. ನಮ್ಮ ಉದ್ದ ಕಾಲುಗಳೇ ನಮಗೆ ಅಡ್ಡ ಬರುತ್ತಿದ್ದವು. ಕೈಯೂರಿ ಸರಿಯುವಷ್ಟರಲ್ಲಿ ಚೆಂಡು ಬಿದ್ದಿರುತ್ತಿತ್ತು. ಮನೆಯಲ್ಲಿ ಕ್ಯಾಲಿಪರ್ ಇಲ್ಲದೆ ಕೈ ಬಲದಲ್ಲೇ ಓಡಾಡಿ ಅಭ್ಯಾಸವಿದ್ದ ಅವನು ಮೂಲೆಯಿಂದ ಮೂಲೆಗೆ ಸರ್ರನೆ ಸರಿಯುತ್ತಿದ್ದ. ಅವನಿದ್ದ ಟೀಮ್ ಎರಡು ಸೆಟ್ ಗೆದ್ದಿತು. ಮೂರನೇ ಸೆಟ್‌ನಲ್ಲಿ ಒಂದು ಪಾಯಿಂಟ್‌ಗಾಗಿ ಅವನಿಗೂ ನನಗೂ ಜೋರು ಜಗಳವಾಯಿತು. ಏಳೆಂಟು ವರ್ಷದ ಸ್ನೇಹದಲ್ಲಿ ನಾವಿಬ್ಬರು ಆಟಕ್ಕಾಗಿ ಜಗಳವಾಡಿದ್ದು ಅದೇ ಮೊದಲು. ಅಲ್ಲಿಯವರೆಗೆ ಅವನ ಜೊತೆ ನಾನು ಯಾವಾಗಲೂ ‘ಪಾಪ’ ಎಂಬಂತೆ ನಡೆದುಕೊಂಡಿದ್ದೆ ಎಂದು ಆಗ ಅರಿವಾಯಿತು.

ಆಕ್ಷೇಪಗಳಿಗೆ ಉತ್ತರ

ಬಿದ್ದು ಪೆಟ್ಟಾದರೆ ಯಾರು ಹೊಣೆ? ಇದು ಮೊದಲ ಪ್ರಶ್ನೆ. ಎಚ್ಚರಿಕೆ ಬೇಕು, ಒಪ್ಪುತ್ತೇನೆ. ಕೆಲವರ ಆರೋಗ್ಯ ಸ್ಥಿತಿಗೆ ಕೆಲವು ಚಟುವಟಿಕೆ ಹೊಂದದು, ಅಲ್ಲಿ ವೈದ್ಯರ ಮಾತೇ ಕೊನೆ. ಆದರೆ ವೈದ್ಯರನ್ನು, ತಂದೆ ತಾಯಿಯನ್ನು, ಮುಖ್ಯವಾಗಿ ಆ ವಿದ್ಯಾರ್ಥಿಯನ್ನೇ ಕೇಳದೆ ಕೂರಿಸುವುದು ಎಚ್ಚರಿಕೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿ, ಅಂಗವೈಕಲ್ಯ ಇರುವ 5ರಿಂದ 17 ವರ್ಷದ ಮಕ್ಕಳಿಗೂ ದಿನಕ್ಕೆ ಸರಾಸರಿ 60 ನಿಮಿಷದ ದೈಹಿಕ ಚಟುವಟಿಕೆ ಬೇಕು ಎನ್ನುತ್ತದೆ. ಕೂತಲ್ಲೇ ಕೂರುವುದರಿಂದಲೂ ಮೈಗೆ ಹಾನಿಯಿದೆ. ಆ ಹಾನಿ ಬಿದ್ದ ಗಾಯದಂತೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಎರಡನೆಯದು, ಒಬ್ಬನೇ ಮೇಷ್ಟ್ರು, ನೂರಾರು ಮಕ್ಕಳು. ಇದು ಸುಳ್ಳಲ್ಲ. ದೈಹಿಕ ಶಿಕ್ಷಣ ಶಿಕ್ಷಕರೇ ಇಲ್ಲದ ಶಾಲೆಗಳೂ ಇವೆ. ಆದರೆ ನಾನು ಹೇಳುತ್ತಿರುವುದು ಪ್ರತ್ಯೇಕ ತರಗತಿಯನ್ನಲ್ಲ. ಇರುವ ಆಟದಲ್ಲೇ ಒಂದು ನಿಯಮ ಬದಲಿಸುವುದಕ್ಕೆ ಹೆಚ್ಚಿನ ಶಿಕ್ಷಕರು ಬೇಕಿಲ್ಲ. ಸಹಪಾಠಿಗಳೇ ನೆರವಾಗಬಹುದು. ಬ್ಲಾಕ್ ಮಟ್ಟದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿ.ಐ.ಇ.ಆರ್.ಟಿ. ಶಿಕ್ಷಕರಿದ್ದಾರೆ. ಅವರೂ ಪಿಟಿ ಮೇಷ್ಟ್ರೂ ತಿಂಗಳಿಗೊಮ್ಮೆ ಕೂತು ಮಾತಾಡಿದರೆ ಅರ್ಧ ಕೆಲಸ ಆದಂತೆ.

ಮೂರನೆಯದು ಹಣ. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಬಳಸಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಆ ಹಣದಲ್ಲಿ ಶಾಲಾ ಮೈದಾನಕ್ಕೆ ಒಂದು ರ‍್ಯಾಂಪ್, ಸದ್ದು ಮಾಡುವ ನಾಲ್ಕು ಚೆಂಡು, ಒಂದು ತಗ್ಗಿನ ನೆಟ್ ಕೇಳಿದರೆ ತಪ್ಪೇನು? ಕೇಳುವವರಿಲ್ಲದಿದ್ದರೆ ಕೊಡುವವರಿಗೂ ಹೊಳೆಯುವುದಿಲ್ಲ.

ಕೊನೆಯದು, ‘ಅವರಿಗೇ ಇಷ್ಟ ಇಲ್ಲ’ ಎಂಬ ಮಾತು. ವರ್ಷಗಟ್ಟಲೆ ಹೊರಗಿಟ್ಟು ಒಂದು ದಿನ ಕರೆದರೆ ಯಾರಾದರೂ ಹಿಂಜರಿಯುತ್ತಾರೆ. ಹೆಣ್ಣುಮಕ್ಕಳಲ್ಲಿ ಈ ಹಿಂಜರಿಕೆ ಇನ್ನೂ ಹೆಚ್ಚು, ಏಕೆಂದರೆ ಅವರನ್ನು ಎರಡೆರಡು ಕಾರಣ ಹೇಳಿ ಮನೆಯಲ್ಲಿ ಕೂರಿಸಿರುತ್ತಾರೆ. ಇಷ್ಟವಿಲ್ಲ ಎಂದು ಅವರೇ ಹೇಳಲಿ, ಒಪ್ಪೋಣ. ನಾವು ಅವರ ಪರವಾಗಿ ಹೇಳುವುದು ಬೇಡ.

ನಾವೇನು ಮಾಡಬಹುದು?

ಪ್ರತಿವರ್ಷ ಡಿಸೆಂಬರ್ 3ರ ವಿಶ್ವ ವಿಕಲಚೇತನರ ದಿನಕ್ಕೆ ಆಟೋಟ ನಡೆಯುತ್ತದೆ, ಬಹುಮಾನ ಕೊಡುತ್ತಾರೆ. ಒಳ್ಳೆಯದೇ. ಆದರೆ ಉಳಿದ 364 ದಿನ? ನಾನು ಆಡಿದ ಹೋಬಳಿ ಕ್ರೀಡಾಕೂಟಗಳಲ್ಲಿ ಖೋಖೋ, ಕಬಡ್ಡಿ, ಥ್ರೋಬಾಲ್, ಓಟ ಎಲ್ಲ ಇದ್ದವು. ನನ್ನ ಗೆಳೆಯನಂಥವರಿಗೆ ಒಂದು ಸ್ಪರ್ಧೆಯೂ ಇರಲಿಲ್ಲ. ಅದೇ ಕೂಟದಲ್ಲಿ, ಅದೇ ದಿನ, ಅದೇ ಪೆಂಡಾಲ್ ಮುಂದೆ ಕೂತು ಗುಂಡು ಎಸೆತ, ಜೊತೆಗಾರನೊಂದಿಗೆ ಓಟ ಎಂಬ ಎರಡೇ ಸ್ಪರ್ಧೆ ಸೇರಿಸಿ ನೋಡಲಿ. ಅಭ್ಯಾಸ ಮಾಡಿಸಲು ಪ್ರತಿ ಶಾಲೆಗೂ ಒಂದು ಕಾರಣ ಸಿಗುತ್ತದೆ.

ಕಾಲೇಜುಗಳು ಯೋಗ ಮತ್ತು ದೈಹಿಕ ಶಿಕ್ಷಣದ ತರಗತಿಗಳನ್ನು ನೆಲಮಹಡಿಗೆ ತರಲಿ. ಇದಕ್ಕೆ ಕಟ್ಟಡ ಕಟ್ಟಬೇಕಿಲ್ಲ, ಟೈಮ್‌ಟೇಬಲ್‌ನಲ್ಲಿ ಕೊಠಡಿ ಸಂಖ್ಯೆ ಬದಲಿಸಿದರೆ ಸಾಕು. ಮೌಲ್ಯಮಾಪನ ಮಾಡುವಾಗ ಎಲ್ಲರಿಗೂ ಒಂದೇ ಸ್ಟಾಪ್‌ವಾಚ್ ಹಿಡಿಯದೆ, ಸೆಮಿಸ್ಟರ್ ಆರಂಭದಲ್ಲಿ ಆ ವಿದ್ಯಾರ್ಥಿ ಎಲ್ಲಿದ್ದ, ಕೊನೆಗೆ ಎಲ್ಲಿಗೆ ಬಂದ ಎಂದು ಅಳೆಯಲಿ. ಇದು ಅಂಗವಿಕಲರಿಗಷ್ಟೇ ಅಲ್ಲ, ಮೈ ಬಗ್ಗಿಸಲು ಸೋಮಾರಿಯಾದ ನಮ್ಮಂಥವರಿಗೂ ಒಳ್ಳೆಯದು.

ಬಿ.ಪಿ.ಇಡಿ ಮಾಡಿ ಶಿಕ್ಷಕರ ನೇಮಕಾತಿಗೆ ಕಾಯುತ್ತಿರುವ ಅಣ್ಣ ಅಕ್ಕಂದಿರು ಈ ಬಿಡುವಿನಲ್ಲಿ ಕೂತು ಆಡುವ ವಾಲಿಬಾಲ್, ಬೋಚಿಯಾ, ಗೋಲ್‌ಬಾಲ್ ನಿಯಮಗಳನ್ನು ಕಲಿತಿಟ್ಟುಕೊಳ್ಳಲಿ. ಎಂಜಿನಿಯರಿಂಗ್ ಓದುವ ನನ್ನ ಜೊತೆಯವರಿಗೂ ಒಂದು ಮಾತು: ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಮತ್ತೊಂದು ಸ್ಮಾರ್ಟ್ ಡಸ್ಟ್‌ಬಿನ್ ಬೇಡ. ಕಡಿಮೆ ಖರ್ಚಿನಲ್ಲಿ ಸದ್ದು ಮಾಡುವ ಚೆಂಡು, ಸೀಟಿಗೆ ಬದಲು ಮಿನುಗುವ ಸ್ಟಾರ್ಟಿಂಗ್ ದೀಪ, ಕೂತು ಎಸೆಯುವವರಿಗೆ ಬಿಚ್ಚಿ ಜೋಡಿಸಬಹುದಾದ ಕುರ್ಚಿ, ಇವೆಲ್ಲ ನಮ್ಮ ವರ್ಕ್‌ಶಾಪ್‌ನಲ್ಲೇ ಆಗುವ ಕೆಲಸ. ಕೆ.ಎಸ್.ಸಿ.ಎಸ್.ಟಿ.ಯಂಥ ಸಂಸ್ಥೆ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ನೆರವನ್ನೂ ಕೊಡುತ್ತದೆ. ನಾನು ಮತ್ತು ನನ್ನ ಗೆಳೆಯ ಆ ಕುರ್ಚಿಯ ಡ್ರಾಯಿಂಗ್ ಶುರು ಮಾಡಿದ್ದೇವೆ. ಅಳತೆ ಅವನದು, ವೆಲ್ಡಿಂಗ್ ನನ್ನದು.

1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಯುದ್ಧದಲ್ಲಿ ಗಾಯಗೊಂಡ 16 ಮಂದಿಗೆ ಬಿಲ್ಲುಗಾರಿಕೆ ಸ್ಪರ್ಧೆ ಏರ್ಪಡಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೀಜ ಅದೇ. ದೊಡ್ಡ ಮೈದಾನದಲ್ಲಿ ಅಲ್ಲ, ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಬಿತ್ತಿದ ಬೀಜ. ನಮ್ಮಲ್ಲಿ ಅದು ಎರಡು ಟಾರ್ಪಾಲ್ ಮೇಲೆ ಮೊಳೆಯಬಹುದು.

ಈಗ ಭಾನುವಾರ ಸಂಜೆ ನಮ್ಮೂರಲ್ಲಿ ಕೂತು ಆಡುವ ವಾಲಿಬಾಲ್ ನಡೆಯುತ್ತದೆ. ಹತ್ತನ್ನೆರಡು ಜನ ಬರುತ್ತಾರೆ. ಚೀಲ, ಚಪ್ಪಲಿ, ಮೊಬೈಲ್ ಎಲ್ಲ ಒಂದು ಕಡೆ ರಾಶಿ ಬಿದ್ದಿರುತ್ತವೆ, ಪಕ್ಕದಲ್ಲಿ ಒಂದು ಕ್ಯಾಲಿಪರ್ ಕೂಡ. ಅವನ್ನು ಕಾಯಲು ಯಾರೂ ಕೂತಿರುವುದಿಲ್ಲ. ಇದುವರೆಗೆ ಏನೂ ಕಳೆದಿಲ್ಲ.